ಜನವರಿಯಲ್ಲಿ ಮರ್ಮನ್ಸ್ಕ್‌ಗೆ ಹೋಗುವ ಹಡಗು: ನಿಜವಾದ ಅಪಾಯ ಯಾವುದು?

ಅಂಕೋಲಾ_ಮಾವ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗ ಮರ್ಚೆಂಟ್ ನೇವಿಯಲ್ಲಿ ಥರ್ಡ್ ಇಂಜಿನಿಯರ್. ಇಷ್ಟು ದಿನ ಸಿಂಗಾಪುರ, ಗಲ್ಫ್ ಅಂತ ಬಿಸಿಲಿನ ಕಡೆಗೇ ಓಡಾಡಿಕೊಂಡಿದ್ದ. ಈಗ ಅವನ ಹಡಗು ಜನವರಿಯಲ್ಲಿ ಕಲ್ಲಿದ್ದಲು ತುಂಬಲು ರಷ್ಯಾದ ಮರ್ಮನ್ಸ್ಕ್‌ಗೆ ಹೋಗುತ್ತದಂತೆ. ತಂಗಿ ಟೈಟಾನಿಕ್ ನೆನೆಸಿಕೊಂಡು ಊಟ ಬಿಟ್ಟಿದ್ದಾಳೆ. ಅವನನ್ನು ಕೇಳಿದರೆ ‘ಏನೂ ಆಗಲ್ಲ ಮಾವ’ ಅಂದು ಫೋನ್ ಇಡುತ್ತಾನೆ. ಆ ಕಡೆ ಹೋಗಿ ಬಂದವರಿದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ.

ತೆರೆ_ನೊರೆ:
ಟೈಟಾನಿಕ್ ಬಿಡಿ, 1959ರ ಹಾನ್ಸ್ ಹೆಡ್‌ಟಾಫ್ಟ್ ಕಥೆ ಗೊತ್ತಾ? ಡೆನ್ಮಾರ್ಕಿನ ಹೊಚ್ಚಹೊಸ ಹಡಗು. ಗ್ರೀನ್‌ಲ್ಯಾಂಡ್‌ಗೆ ಮೊದಲ ಪ್ರಯಾಣ ಮಾಡಿ ವಾಪಸಾಗುವಾಗ ಜನವರಿ 30ರಂದು ನೀರ್ಗಲ್ಲಿಗೆ ಬಡಿಯಿತು. 95 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ತಿಂಗಳುಗಟ್ಟಲೆ ಆದಮೇಲೆ ಐಸ್‌ಲ್ಯಾಂಡ್ ದಡಕ್ಕೆ ಒಂದು ಲೈಫ್‌ಬಾಯ್ (ನೀರಿಗೆ ಬಿದ್ದವರು ಹಿಡಿದುಕೊಳ್ಳುವ ತೇಲುಬಳೆ) ತೇಲಿ ಬಂತು, ಅಷ್ಟೇ.

ಕಾರವಾರ_ಬಡಾಸಾಬ್:
ತೆರೆ ನೊರೆಯವರೇ, ಹೆತ್ತವಳು ಊಟ ಬಿಟ್ಟು ಕೂತಿರುವಾಗ ಹೇಳುವ ಕಥೆಯೇನ್ರೀ ಇದು?

ಮಾವನವರೇ, ನಾನು ಚೀಫ್ ಇಂಜಿನಿಯರ್ ಆಗಿ ನಿವೃತ್ತನಾದವನು. ಬ್ಯಾರೆಂಟ್ಸ್ ಸಮುದ್ರದ ಚಳಿ ಉಂಡಿದ್ದೇನೆ. ಮರ್ಮನ್ಸ್ಕ್ ಆರ್ಕ್ಟಿಕ್ ವೃತ್ತದ ಒಳಗಿದ್ದರೂ ಚಳಿಗಾಲದಲ್ಲಿ ಮುಚ್ಚುವ ಬಂದರಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ನಾರ್ವೆಯ ನೆತ್ತಿ ಬಳಸಿ ಅಲ್ಲಿವರೆಗೂ ಬರುತ್ತದೆ. ಆ ದಾರಿಯಲ್ಲಿ ಟೈಟಾನಿಕ್ ನಮೂನೆಯ ನೀರ್ಗಲ್ಲು ಎದುರಾಗುವುದು ಅಪರೂಪ. ಹೆದರಬೇಕಾದ್ದು ತುಂತುರಿಗೆ.

ಉಪ್ಪುನೀರು ಹೆಪ್ಪುಗಟ್ಟುವುದು ಮೈನಸ್ 1.8 ಡಿಗ್ರಿಯ ಸುಮಾರಿಗೆ. ಹೊರಗೆ ಮೈನಸ್ 10, 15 ಇದ್ದು ಗಾಳಿಯೂ ಜೋರಾದರೆ, ಅಲೆ ಮೂತಿಗೆ ಬಡಿದು ಎಗರಿದ ನೀರು ರೇಲಿಂಗ್, ಹಗ್ಗ, ಆಂಟೆನಾ ಎಲ್ಲಿ ಬಿತ್ತೋ ಅಲ್ಲೇ ಕಚ್ಚಿಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು. ಬೆರಳುಗಾತ್ರದ ತಂತಿ ತೊಡೆಗಾತ್ರ ಆಗುತ್ತದೆ. ತಲೆಭಾರವಾದ ಹಡಗು ಒಂದು ಬದಿಗೆ ವಾಲಿದರೆ ಮತ್ತೆ ಏಳಲು ಹೊತ್ತು ಹಿಡಿಯುತ್ತದೆ. ಇಂಜಿನ್ ರೂಮಿನಲ್ಲಿ ನಿಂತವನಿಗೂ ಅದು ಕಾಲಡಿ ಗೊತ್ತಾಗುತ್ತದೆ. ಆಗ ಡೆಕ್ಕಿನವರು ಮರದ ಕೊಡತಿ ಹಿಡಿದು ಕುಟ್ಟುವುದೊಂದೇ ಕೆಲಸ.

ನಿಮ್ಮ ಅಳಿಯ ಇರುವಂಥ ದೊಡ್ಡ ಬಲ್ಕ್ ಕ್ಯಾರಿಯರ್ (ಕಲ್ಲಿದ್ದಲಿನಂಥ ಸರಕು ರಾಶಿಯಾಗಿ ತುಂಬುವ ಹಡಗು) ಇಷ್ಟಕ್ಕೆ ಮಗುಚುವುದಿಲ್ಲ. ಬಲಿಯಾದದ್ದು ಮೀನು ಹಿಡಿಯುವ ಟ್ರಾಲರ್‌ಗಳು. ಇಂಗ್ಲೆಂಡಿನ ಹಲ್ ಊರಿನ ಲೊರೆಲ್ಲಾ, ರೊಡೆರಿಗೊ ಎರಡೂ 1955ರ ಜನವರಿ 26ರಂದು, ಒಂದೇ ದಿನ, ಐಸ್‌ಲ್ಯಾಂಡಿನ ಉತ್ತರಕ್ಕೆ ಮಂಜಿನ ಭಾರಕ್ಕೆ ಮಗುಚಿದವು. 40 ಜನ ಹೋದರು. ಅದರಿಂದ ಯಾರು ಏನು ಕಲಿತರೋ ಕಾಣೆ. 1968ರ ಜನವರಿ, ಫೆಬ್ರವರಿಯಲ್ಲಿ ಅದೇ ಊರಿನ ಮೂರು ಟ್ರಾಲರ್ ಸಾಲಾಗಿ ಮುಳುಗಿ 58 ಜನ ಸತ್ತರು. ಮೊದಲನೆಯ ಸೇಂಟ್ ರೊಮಾನಸ್ ರೇಡಿಯೊ ಆಪರೇಟರ್ ಇಲ್ಲದೆಯೇ ಹೊರಟಿತ್ತು. ಹಡಗಿನಿಂದ ಸದ್ದಿಲ್ಲ ಎಂಬುದನ್ನೇ ದಿನಗಟ್ಟಲೆ ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಇದನ್ನು ಓದಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ಮೂರನೆಯದು ರಾಸ್ ಕ್ಲೀವ್‌ಲ್ಯಾಂಡ್. ಬಿರುಗಾಳಿ ತಪ್ಪಿಸಿಕೊಳ್ಳಲು ಐಸ್‌ಲ್ಯಾಂಡಿನ ಫಿಯರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲತೋಳು) ಒಳಗೆ ಬಂದು, ಫೆಬ್ರವರಿ 4ರಂದು ಅಲ್ಲೇ ಮಗುಚಿತು. ಹಡಗು ವಾಲುತ್ತಿರುವಾಗಲೇ ಕ್ಯಾಪ್ಟನ್ ಫಿಲ್ ಗೇ ರೇಡಿಯೊದಲ್ಲಿ ಹೆಂಡತಿ ಮಕ್ಕಳಿಗೆ ಎಲ್ಲರ ಪ್ರೀತಿ ತಿಳಿಸಿ ಎಂದ. ಉಳಿದವನು ಮೇಟ್, ಅಂದರೆ ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ, ಹ್ಯಾರಿ ಎಡಮ್ ಒಬ್ಬನೇ. ಹೊರಗೆ ಮಂಜು ಕುಟ್ಟುತ್ತಿದ್ದವನಾದ್ದರಿಂದ ಮೈತುಂಬ ನೀರು ಹೊಗದ ಬಟ್ಟೆ ಹಾಕಿದ್ದ. ರಾಫ್ಟ್‌ನಲ್ಲಿ ಜೊತೆಗಿದ್ದ ಇಬ್ಬರು ಚಳಿಗೆ ಸತ್ತರು. ಇವನು ದಡ ಹತ್ತಿ, ಬೀಗ ಹಾಕಿದ ಮನೆಯೊಂದರ ಮರೆಯಲ್ಲಿ ರಾತ್ರಿಯಿಡೀ ನಿಂತೇ ಕಳೆದ. ಬೆಳಗ್ಗೆ ಒಬ್ಬ ರೈತರ ಹುಡುಗ ಕಂಡ.

ಅತ್ತ ಹಲ್‌ನಲ್ಲಿ ಲಿಲಿಯನ್ ಬಿಲೊಕಾ ಎಂಬ ಹೆಂಗಸು, ಮೀನಿನ ಕಾರ್ಖಾನೆಯ ಕೆಲಸದವಳು, ಉಳಿದ ಹೆಂಗಸರನ್ನು ಸೇರಿಸಿ ಸಾವಿರಾರು ಸಹಿ ಹಾಕಿಸಿ ಲಂಡನ್ನಿಗೆ ಹೋಗಿ ಮಂತ್ರಿಯ ಎದುರೇ ಕೂತಳು. ಪ್ರತಿ ಟ್ರಾಲರ್‌ಗೂ ರೇಡಿಯೊ ಆಪರೇಟರ್, ಹವಾಮಾನ ತಿಳಿಸುವ ತಾಯಿಹಡಗು ಎಲ್ಲಾ ಆಮೇಲೆ ಬಂದವು. ಅವಳಿಗೆ ಸಿಕ್ಕಿದ್ದು ಬೆದರಿಕೆ ಪತ್ರ. ಇದ್ದ ಕೆಲಸವೂ ಹೋಯಿತು.

ಅಂಕೋಲಾ_ಮಾವ:
ಬಡಾಸಾಬ್, ಬಹಳ ಉಪಕಾರ. ಹಾಗಾದರೆ ಇಂಜಿನ್ ರೂಮಿನಲ್ಲಿ ಇರುವವನಿಗೆ ತೊಂದರೆ ಇಲ್ಲ ಅನ್ನಿ. ಒಳಗೆ ಬೆಚ್ಚಗಿರುತ್ತದಲ್ಲ?

ಕಾರವಾರ_ಬಡಾಸಾಬ್:
ಬೆಚ್ಚಗೇನೋ ಇರುತ್ತದೆ. ತೀನ್ ಸಾಬ್‌ಗೆ (ನಮ್ಮ ಹಡಗುಗಳಲ್ಲಿ ಥರ್ಡ್ ಇಂಜಿನಿಯರನ್ನು ಕರೆಯುವುದೇ ಹಾಗೆ) ಅಲ್ಲಿ ಬೇರೆ ತಲೆನೋವು ಕಾದಿರುತ್ತದೆ, ಸೀ ಚೆಸ್ಟ್. ಹಡಗಿನ ತಳದಲ್ಲಿ ಸಮುದ್ರದ ನೀರು ಎಳೆದುಕೊಳ್ಳುವ ಜಾಗ ಅದು. ಇಂಜಿನ್, ಜನರೇಟರ್ ತಣ್ಣಗಿರುವುದು ಆ ನೀರಿನಿಂದ. ಬಂದರಿನ ಹತ್ತಿರ ಐಸ್ ಗೋಲಾದಂಥ ಮಂಜಿನ ರಾಡಿ ತೇಲುತ್ತಿದ್ದರೆ ಅದೂ ಒಳಗೆ ಬಂದು ಸ್ಟ್ರೈನರ್ (ನೀರು ಸೋಸುವ ಜಾಲರಿ) ಕಟ್ಟಿಬಿಡುತ್ತದೆ. ಪಂಪಿನ ಪ್ರೆಶರ್ ಮುಳ್ಳು ನಡುಗಲು ಶುರುವಾಗುತ್ತದೆ, ಜನರೇಟರ್ ಕಾಯುತ್ತದೆ, ಅಲಾರಂ ಕೂಗುತ್ತದೆ. ಹೊರಗೆ ಮೈನಸ್ 20 ಇದ್ದರೂ ಯಂತ್ರ ಕಾದು ನಿಂತು ಕರೆಂಟ್ ಹೋದೀತು.

ನಮ್ಮ ಕಡೆಯ ಬಂದರುಗಳಲ್ಲಿ ಕೆಸರು ಬರಬಾರದೆಂದು ಮೇಲಿನ ಸಕ್ಷನ್ (ನೀರು ಎಳೆದುಕೊಳ್ಳುವ ಬಾಯಿ) ತೆರೆಯುವುದು ರೂಢಿ. ಮಂಜು ತೇಲುವುದು ಮೇಲೆಯೇ, ಅಲ್ಲಿ ಕೆಳಗಿನದನ್ನು ತೆರೆಯಬೇಕು. ಯಂತ್ರದಿಂದ ಹೊರಹೋಗುವ ಬಿಸಿನೀರನ್ನು ಸೀ ಚೆಸ್ಟ್‌ಗೇ ತಿರುಗಿಸಿದರೆ ರಾಡಿ ಕರಗುತ್ತದೆ. ಆ ವಾಲ್ವ್ ಸರಾಗ ತಿರುಗುತ್ತದೋ ಇಲ್ಲವೋ ಅಂತ ನಾರ್ವೆ ದಾಟುವ ಮೊದಲೇ ನೋಡಿಕೊಳ್ಳಲು ಹೇಳಿ. ಬಿಸಿ ದೇಶದಲ್ಲಿ ಅದನ್ನು ಮುಟ್ಟಿದವರೇ ಇರುವುದಿಲ್ಲ, ತುಕ್ಕು ಹಿಡಿದು ಕೂತಿರುತ್ತದೆ. ಡೆಕ್ ಮೇಲೆ ಬೆಂಕಿ ಆರಿಸಲು ಇರುವ ಫೈರ್ ಲೈನ್ ಪೈಪಿನ ನೀರೂ ಖಾಲಿ ಮಾಡಬೇಕು, ಇಲ್ಲದಿದ್ದರೆ ಪೈಪ್ ಸೀಳುತ್ತದೆ.

2017ರ ಜನವರಿ 1ರಿಂದ ಧ್ರುವದ ಸಮುದ್ರಗಳಲ್ಲಿ ಓಡಾಡುವ ಹಡಗುಗಳಿಗೆ ಪೋಲಾರ್ ಕೋಡ್ ಅಂತ ಅಂತರರಾಷ್ಟ್ರೀಯ ನಿಯಮ ಬಂದಿದೆ. ಮರ್ಮನ್ಸ್ಕ್ ಮಾತ್ರ ಅದರ ಗಡಿಯ ಹೊರಗೆ ಬೀಳುತ್ತದೆ. ಹಾಗಾಗಿ ತಯಾರಿಯೆಲ್ಲ ಕ್ಯಾಪ್ಟನ್, ಚೀಫ್ ಎಷ್ಟು ಚುರುಕು ಅನ್ನುವುದರ ಮೇಲೆ.

ತೆರೆ_ನೊರೆ:
ಸರಿ ಸಾಬ್, ಒಂದು ಒಳ್ಳೆಯದನ್ನೂ ಹೇಳುತ್ತೇನೆ. 2007ರ ನವೆಂಬರ್‌ನಲ್ಲಿ ಅಂಟಾರ್ಕ್ಟಿಕಾ ಹತ್ತಿರ ಎಕ್ಸ್‌ಪ್ಲೋರರ್ ಎಂಬ ಪ್ರವಾಸಿ ಹಡಗು ಮಂಜಿಗೆ ತಗುಲಿ ಮುಳುಗಿತು. 154 ಜನರೂ ಬದುಕಿದರು. ಕೆಲವು ಗಂಟೆ ದೋಣಿಯಲ್ಲಿ ನಡುಗಿದರು, ನಾರ್ವೆಯ ಹಡಗೊಂದು ಬಂದು ಎತ್ತಿಕೊಂಡಿತು.

ಅಂಕೋಲಾ_ಮಾವ:
ಕೊನೆಯದನ್ನು ಮಾತ್ರ ತಂಗಿಗೆ ಓದಿ ಹೇಳಿದೆ. ಸೀ ಚೆಸ್ಟ್ ವಿಷಯ ಅಳಿಯನಿಗೆ ಕಳಿಸಿದ್ದೇನೆ, ‘ಯಾರು ಮಾವ ಇವರು?’ ಅಂತ ಕೇಳಿದ. ಸ್ವೆಟರ್ ಎಷ್ಟು ಕಳಿಸಬೇಕು?

ಕಾರವಾರ_ಬಡಾಸಾಬ್:
ಸ್ವೆಟರ್ ಬೇಡ, ಜಾಕೆಟ್ ಹಡಗಿನಲ್ಲೇ ಕೊಡುತ್ತಾರೆ. ಉಣ್ಣೆ ಕಾಲುಚೀಲ ಕಳಿಸಿ, ಹತ್ತಿಯದು ಬೆವರಿಗೆ ಒದ್ದೆಯಾಗಿ ಕಾಲು ಮರಗಟ್ಟುತ್ತದೆ. ಸೇಫ್ಟಿ ಶೂ ಕೇಳುವಾಗ ಒಂದು ಸೈಜ್ ದೊಡ್ಡದು ಕೇಳಲಿ.