ಕಿಡ್ನಿ ಕಸಿ ಆದ ಮನೆ: ನನ್ನ ಅಂಕ 21, ವೈನಿಯದು 52. ಇಷ್ಟು ಫರಕು ಯಾಕೆ?

ಕಲಬುರಗಿ ತಮ್ಮ:
ಅಣ್ಣನಿಗೆ ಕಿಡ್ನಿ ಕಸಿ ಆಗಿದೆ. ಕೊಟ್ಟವಳು ಅವ್ವ. ಹೈದರಾಬಾದಿಗೆ ಕರೆದುಕೊಂಡು ಹೋಗುವುದು, ಬಿಲ್ಲು, ಸಾಲ ಎಲ್ಲ ನನ್ನ ಪಾಲು. ಉಳಿದದ್ದೆಲ್ಲ ವೈನಿಯದು, ಅಂದರೆ ಅಣ್ಣನ ಹೆಂಡತಿಯದು. ಹೋದ ಸಲ ಕೌನ್ಸೆಲರ್ ಇಬ್ಬರಿಗೂ 22 ಪ್ರಶ್ನೆಯ ಫಾರ್ಮ್ ಕೊಟ್ಟರು. ರೋಗಿಯನ್ನು ನೋಡಿಕೊಳ್ಳುವವರಿಗೆ ಎಷ್ಟು ಭಾರ ಆಗಿದೆ ಅಂತ ಅಳೆಯುವುದಂತೆ. 88ಕ್ಕೆ ನನಗೆ 21, ವೈನಿಗೆ 52. "ಆಕೆಗೆ ಮೊದಲಿಂದಲೂ ಟೆನ್ಶನ್ ಜಾಸ್ತಿ" ಅಂದುಬಿಟ್ಟ ಅಣ್ಣ. ನನಗ್ಯಾಕೋ ಸರಿ ಅನಿಸಲಿಲ್ಲ. ಸಾಲದ ಚಿಂತೆಗೆ ನನಗೂ ನಿದ್ದೆ ಇಲ್ಲ. ಹೆಂಗಸರಿಗೆ ಒತ್ತಡ ಜಾಸ್ತಿನಾ, ಇಲ್ಲಾ ಗಂಡಸರು ಫಾರ್ಮಿನಲ್ಲೂ ಆರಾಮ ಅಂತಲೇ ಬರೆಯುತ್ತೇವಾ?

ಬೀದರ್ ಅಕ್ಕ:
ತಮ್ಮಾ, ಬಿಲ್ಲು ಕಟ್ಟಿದರೆ ನಿನಗೆ ರಸೀದಿ ಸಿಗುತ್ತದೆ, ಆ ಕೆಲಸ ಅಲ್ಲಿಗೆ ಮುಗಿಯಿತು. ವೈನಿಯದು ಮುಗಿಯುವುದೇ ಇಲ್ಲ. ನನ್ನ ಗಂಡನಿಗೆ ಕಿಡ್ನಿ ಕೊಟ್ಟವಳೂ ನಾನೇ, ನೋಡಿಕೊಳ್ಳುವವಳೂ ನಾನೇ. ಹೊಲಿಗೆ ಇನ್ನೂ ಎಳೆಯುತ್ತಿತ್ತು, ಆಗಲೇ ಒಲೆ ಮುಂದೆ ನಿಂತೆ. ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಟ್ಯಾಕ್ರೋಲಿಮಸ್, ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಗುಳಿಗೆ. ರಕ್ತದಲ್ಲಿ ಆ ಔಷಧಿ ಎಷ್ಟಿದೆ ಅಂತ ನೋಡುವ ಲೆವೆಲ್ ಟೆಸ್ಟ್ ಇದ್ದ ದಿನ ರಕ್ತ ಕೊಟ್ಟ ಮೇಲೇ ಬೆಳಗಿನ ಗುಳಿಗೆ. ಅವರು ಮರೆತು ನುಂಗಿದರೆ ಬೈಗುಳ ನನಗೆ. ಸೋಂಕಿನ ಭಯಕ್ಕೆ ಮದುವೆ ಊಟ ಬೇಡ ಅಂದರೆ ಅತ್ತೆಗೆ ಸಿಟ್ಟು. ಥರ್ಮಾಮೀಟರ್ 100 ದಾಟಿದರೆ ಎದೆ ಧಸಕ್ ಅನ್ನುತ್ತದೆ. ಟೆಸ್ಟಿಗೆ ದುಡ್ಡು ಬೇಕಾದರೆ ಮೈದುನನ್ನು ಕೇಳಬೇಕು. ಅದೇ ನನಗೆ ಎಲ್ಲಕ್ಕಿಂತ ಕಷ್ಟ.

ಯಾದಗಿರಿ ಮಾಸ್ತರ:
ನಮ್ಮಲ್ಲಿ ಉಲ್ಟಾ. ಕಸಿ ಆಗಿದ್ದು ಹೆಂಡತಿಗೆ, ನೋಡಿಕೊಳ್ಳುವವನು ನಾನು. ಬಂದವರೆಲ್ಲ "ಮನೆಯಾಗ ಹೆಂಗಸರು ಯಾರೂ ಇಲ್ಲೇನ್ರಿ?" ಅಂತಾರೆ. ಹೊರಗಿನ ಊಟ ಬೇಡ ಅಂದಿದ್ದರು ಡಾಕ್ಟರು, ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಓಣಿಯ ಅಜ್ಜಿ ತಿಂಗಳುಗಟ್ಟಲೆ ಬಿಸಿ ರೊಟ್ಟಿ ಕಳಿಸಿದರು. ನನ್ನ ಜಾಗದಲ್ಲಿ ಹೆಂಗಸು ಇದ್ದಿದ್ದರೆ ಕಳಿಸುತ್ತಿರಲಿಲ್ಲ, ಅದೂ ಖರೆ. ಆದರೆ ನೀವು ಹೇಗಿದ್ದೀರಿ ಅಂತ ಯಾರೂ ನನ್ನನ್ನು ಕೇಳಲಿಲ್ಲ. ಈಗ ಬಿಪಿ ಗುಳಿಗೆ ನನಗೂ ಶುರುವಾಗಿದೆ. 21 ಅಂದರೆ ಆರಾಮ ಇದ್ದೀಯ ಅಂತ ತಿಳಿಯಬೇಡಪ್ಪ.

ಡಯಾಲಿಸಿಸ್ ಸಿಸ್ಟರ್:
ಅದು ಜರಿಟ್ ಅನ್ನುವವರ ಫಾರ್ಮ್ ಇರಬೇಕು. ಮೊದಲು 1980ರಲ್ಲಿ ಮರೆವಿನ ಕಾಯಿಲೆಯ ವೃದ್ಧರನ್ನು ನೋಡಿಕೊಳ್ಳುವವರಿಗಾಗಿ ಮಾಡಿದ್ದು. ನಿಮಗಾಗಿ ಸಮಯ ಉಳಿಯುತ್ತದಾ, ಇನ್ನೂ ಮಾಡಬೇಕಿತ್ತು ಅನಿಸುತ್ತದಾ, ಇಂಥವೇ ಜಾಸ್ತಿ. ದುಡ್ಡಿನ ಬಗ್ಗೆ ಇರುವುದು ಒಂದೇ ಪ್ರಶ್ನೆ! ಹಾಗಾಗಿ ನಿಮ್ಮ ಸಾಲ ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ವೃದ್ಧರ ಆರೈಕೆ ಬಗ್ಗೆ 2006ರಲ್ಲಿ 229 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ್ದರು. ಹೆಂಗಸರಿಗೆ ಭಾರ, ಖಿನ್ನತೆ ಜಾಸ್ತಿ ಕಂಡಿತು, ಆದರೆ ಫರಕು ಸಣ್ಣದು. ಕೆಲಸ ಮತ್ತು ಸಿಗುವ ನೆರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು ಇನ್ನೂ ಕಡಿಮೆ. ಅಂದರೆ ಸ್ವಭಾವದ ಮಾತು ಅಷ್ಟಕ್ಕಷ್ಟೇ. ನಮ್ಮ ದೇಶದಲ್ಲಿ 1995ರಿಂದ 2021ರವರೆಗೆ ಆದ 36,640 ಅಂಗಾಂಗ ಕಸಿಗಳಲ್ಲಿ (ಕಿಡ್ನಿ ಅಷ್ಟೇ ಅಲ್ಲ) 29,000ಕ್ಕೂ ಹೆಚ್ಚು ಗಂಡಸರಿಗೇ ಆಗಿವೆ. ಮನೆಯಲ್ಲಿ ನೋಡಿಕೊಳ್ಳುವವರು ಯಾರು ಅಂತ ನೀವೇ ಊಹಿಸಿ. ನಿದ್ದೆ ಇಲ್ಲ ಅಂದಿರಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಕಲಬುರಗಿ ತಮ್ಮ:
ವೈನಿಗೂ ಓದಿಸಿದೆ. ನಾಲ್ಕು ದಿನ ತವರಿಗೆ ಹೋಗಿ ಬರುತ್ತೇನೆ ಅಂದರು. ಗುಳಿಗೆ ಚೀಟಿ ಬರೆದುಕೊಡುತ್ತಿದ್ದಾರೆ. ಅಷ್ಟರಲ್ಲಿ ಲೆವೆಲ್ ಟೆಸ್ಟ್ ಬೇರೆ ಇದೆ. ಕಲಬುರಗಿಯಲ್ಲಿ ಮನೆಗೇ ಬಂದು ರಕ್ತ ತೆಗೆಯುವವರು ಯಾರಾದರೂ ಇದ್ದಾರಾ?