ಇಂಜಿನ್ ಹೆಡ್‌ನಲ್ಲಿ (ಇಂಜಿನ್‌ನ ಮೇಲ್ಭಾಗದಲ್ಲಿ) ಮುರಿದ ಬೋಲ್ಟ್ ತೆಗೆಯೋದು ಹೇಗೆ?

ಪ್ರಶ್ನೆ (ಹುಬ್ಬಳ್ಳಿ): ನಮ್ಮ ಹಳೇ ಮಾರುತಿ 800ರ ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡ್ (ಹೆಡ್‌ನಿಂದ ಹೊಗೆ ಹೊರಗೆ ಒಯ್ಯೋ ಪೈಪ್) ಬಿಚ್ಚುವಾಗ ಬೋಲ್ಟ್ ಟಕ್ ಅಂತ ಮುರಿಯಿತು. ತುಂಡು 3 ಎಂಎಂ ಹೊರಗಿದೆ. ಪಕ್ಕದ ಮನೆಯವರು ಈಜಿ-ಔಟ್ (ಮುರಿದ ಬೋಲ್ಟ್‌ಗೆ ತೂತು ಕೊರೆದು, ಅದರೊಳಗೆ ಹಾಕಿ ಉಲ್ಟಾ ತಿರುಗಿಸಿ ತೆಗೆಯೋ ಟೂಲ್) ಕೊಟ್ಟಿದ್ದಾರೆ. ಹಾಕಲಾ?

ಉತ್ತರ: ಬೇಡ ಅಣ್ಣಾ. ನಾನು ಹಾಕಿ ಅದನ್ನೂ ಒಳಗೇ ಮುರಿದುಕೊಂಡೆ. ಅದು ಗಟ್ಟಿ ಉಕ್ಕು, ಮಾಮೂಲಿ ಡ್ರಿಲ್ ಬಿಟ್ ಸುಮ್ನೆ ಜಾರುತ್ತೆ. ಕೊನೆಗೆ ಹೆಡ್ಡೇ ಇಳಿಸಬೇಕಾಯಿತು. 3 ಎಂಎಂ ಹೊರಗಿದೆ ಅಂದ್ರೆ ನಿಮ್ಮ ಪುಣ್ಯ. ಗೋಕುಲ ರೋಡ್ ಕಡೆಯ ವೆಲ್ಡಿಂಗ್‌ನವರನ್ನು ಕರೆಸಿ, ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿ. ಆ ಶಾಖಕ್ಕೇ ಹಿಡಿತ ಸಡಿಲ ಆಗುತ್ತೆ. ಕೆಂಪು ಆರಿದ ಮೇಲೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸಿ. ಒಂದೇ ಸಲ ಎಳೀಬೇಡಿ.

ಇನ್ನೊಬ್ಬರು: ಮೊದಲು ಬ್ಯಾಟರಿ ವೈರ್ ಬಿಚ್ಚಿ ರೀ. ಪೆಟ್ರೋಲ್ ಪೈಪ್ ಕಡೆ ಹುಷಾರು.

ಕೇಳಿದವರು: ಬಂತು ರೀ! ಮೊದಲನೇ ನಟ್ ಕಿತ್ತು ಬಂತು, ಎರಡನೇದು ಹಿಡಿಯಿತು. ಈಜಿ-ಔಟ್ ವಾಪಸ್ ಕೊಟ್ಟೆ, ಅವರಿಗೆ ಸ್ವಲ್ಪ ಬೇಜಾರು.