ತಂಬೂರಿ ಸ್ಯಾಂಪಲ್ ಪಾತ್ ಪ್ಲಗಿನ್ ಸ್ಟೇಟ್‌ನ್ಯಾಗ ಹೆಂಗ ಇಡೂದ್ರಿ?

ಧಾರವಾಡದಿಂದ ಕೇಳಿದ್ದು: ಸಣ್ಣದೊಂದು ತಂಬೂರಿ ಸ್ಯಾಂಪ್ಲರ್ ಪ್ಲಗಿನ್ (ಮ್ಯೂಸಿಕ್ ಸಾಫ್ಟ್‌ವೇರ್ ಒಳಗ ಕುಂತು ರೆಕಾರ್ಡ್ ಮಾಡಿದ ಫೈಲ್ ನುಡಿಸೂದು) ಬರ್ದೀನ್ರಿ. ಮನ್ಯಾಗ ಛಲೋ ನಡೀತೈತಿ, ಅದ ಪ್ರಾಜೆಕ್ಟ್ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹುಬ್ಬಳ್ಳಿ ಸ್ಟುಡಿಯೋಕ್ಕ ಒಯ್ದ್ರ ತಂಬೂರಿ ಮೂಕ. ಸ್ಟೇಟ್‌ನ್ಯಾಗ, ಅಂದ್ರ ಪ್ರಾಜೆಕ್ಟ್ ಜೋಡಿ ಸೇವ್ ಆಗೂ ಪ್ಲಗಿನ್ ಮಾಹಿತಿಯೊಳಗ, ಫೈಲಿನ ಪೂರಾ ಪಾತ್ ಬರದಿಟ್ಟೀನಿ. ನೀವೆಲ್ಲಾ ಹೆಂಗ ಮಾಡೀರಿ?

ಹುಬ್ಬಳ್ಳಿಯಿಂದ: ಪೂರಾ ಪಾತ್ ಅಂದ್ರ ನಿಮ್ಮ ಮನಿ ಅಡ್ರೆಸ್ ಇದ್ದಂಗ, ಬ್ಯಾರೆ ಊರಾಗ ಅದನ್ನ ಹಿಡ್ಕೊಂಡು ತಿರುಗಿದ್ರ ಯಾರ್ ಸಿಗ್ತಾರ್ರಿ. ಪ್ಲಗಿನ್ ಎಲ್‌ವಿ2 ಫಾರ್ಮ್ಯಾಟ್‌ದ್ದು ಇದ್ರ ಕೆಲಸ ಹಗುರ, ಅದರಾಗ ಪಾತ್ ಬದಲಿಸಿ ಕೊಡೂ ಮ್ಯಾಪ್‌ಪಾತ್ ಅಂತ ಸವಲತ್ತು ಐತಿ, ಸೇವ್ ಮಾಡೂಮುಂದ ಪಾತ್ ಅದಕ್ಕ ಕೊಟ್ಟು ತಿರುಗಿ ಬಂದದ್ದನ್ನ ಸ್ಟ್ರಿಂಗ್ ಅಲ್ಲ, ಪಾತ್ ಟೈಪ್ ಅಂತನ ಇಡ್ರಿ, ಲೋಡ್‌ನ್ಯಾಗ ಮತ್ತ ಅದರ ಕಡೆಯಿಂದನ ಖರೆ ಪಾತ್ ತಗೋರಿ, ನಡುವಿನ ಉಸಾಬರಿ ಹೋಸ್ಟ್‌ದು, ಅಂದ್ರ ಪ್ಲಗಿನ್ ನಡಸೂ ಸಾಫ್ಟ್‌ವೇರ್‌ದು. ವಿಎಸ್‌ಟಿ3 ಅನ್ನೂ ಇನ್ನೊಂದು ಫಾರ್ಮ್ಯಾಟ್‌ನ್ಯಾಗ ಸ್ಟೇಟ್ ಅಂದ್ರ ಬರೇ ಬೈಟ್‌ಗಳ ಗಂಟು, ಹೋಸ್ಟ್ ಒಳಗ ಇಣುಕೂದಿಲ್ಲ. ಅಲ್ಲೆ ನಾನು ಲೈಬ್ರರಿ ಫೋಲ್ಡರ್ ಎಲ್ಲೈತಿ ಅನ್ನೂದನ್ನ ಆಯಾ ಮಷಿನ್ ಸೆಟಿಂಗ್‌ನ್ಯಾಗ ಇಟ್ಟು, ಸ್ಟೇಟ್‌ನ್ಯಾಗ ಅದರ ಒಳಗಿನ ಪಾತ್ ಅಷ್ಟ ಬರೀತೀನಿ, ಸ್ಲ್ಯಾಶ್ ಮುಂದಕ್ಕ ವಾಲಿದ್ದ (/), ವಿಂಡೋಸ್‌ನ್ಯಾಗೂ. ಜೋಡಿಗೆ ಫೈಲ್ ಸೈಜ್, ಹ್ಯಾಶ್ (ಫೈಲಿನ ಬೈಟ್‌ಗಳಿಂದ ತಗದ ಗುರ್ತು), ಸಿಕ್ಕದ್ದು ಅದ ಫೈಲ್ ಹೌದೋ ಅಲ್ಲೋ ನೋಡಾಕ.

ನಾ ಮಾಡಿದ ದೊಡ್ಡ ಹುಚ್ಚುತನ ಬ್ಯಾರೇನ. ಫೈಲ್ ಸಿಗಲಿಲ್ಲ ಅಂದ್ರ ಪಾತ್ ಖಾಲಿ ಮಾಡ್ತಿತ್ತು ನನ್ನ ಕೋಡ್. ಗೆಳೆಯಾ ಎಕ್ಸ್‌ಟರ್ನಲ್ ಡಿಸ್ಕ್ ಹಚ್ಚದ ಪ್ರಾಜೆಕ್ಟ್ ತಗದಾ, ಒಂದು ಫೇಡರ್ ಸರಿಸಿದಾ, ಸೇವ್ ಹೊಡದಾ. ಆಮ್ಯಾಲ ಡಿಸ್ಕ್ ಹಚ್ಚಿದ್ರ ಏನೈತಿ, ಹನ್ನೆರಡೂ ಟ್ರ್ಯಾಕಿನ ಪಾತ್ ಹೋಗಿದ್ವು. ಸಿಗದಿದ್ರೂ ಹಳೇ ಪಾತ್ ಹಂಗ ಹಿಡ್ಕೋರಿ, ಸೇವ್ ಮಾಡೂಮುಂದ ಅದನ್ನ ತಿರುಗಿ ಬರೀರಿ. ಮತ್ತ ಲೋಡ್ ಆಗೂಮುಂದ "ಫೈಲ್ ಎಲ್ಲೈತಿ" ಅಂತ ಡೈಲಾಗ್ ಎಬ್ಬಿಸಬ್ಯಾಡ್ರಿ, ವಿಂಡೋ ಇಲ್ಲದ ರೆಂಡರ್ ಹಚ್ಚಿದಾಗ ಎಲ್ಲಾ ನಿಂತ ಬಿಡ್ತೈತಿ.

ಗದಗದಿಂದ: ಸ್ಯಾಂಪಲ್‌ನ ಸ್ಟೇಟ್ ಒಳಗ ತುಂಬಿದ್ರ ಆತಲ್ಲಾ ಅಂತ ನಾನೂ ಅಂದ್ಕೊಂಡಿದ್ನಿ. 48,000 ಹರ್ಟ್ಸ್, 24 ಬಿಟ್, ಸ್ಟೀರಿಯೋ ಇದ್ರ ಸೆಕೆಂಡಿಗೆ 2,88,000 ಬೈಟ್, ನಾಕ್ ನಿಮಿಷದ ತಂಬೂರಿ 69 ಎಂಬಿ ಆತು, ಆಟೋಸೇವ್ ಸಲಕ್ಕೊಮ್ಮೆ ತೇಕ್ತೈತಿ. ಎರಡು ಸೆಕೆಂಡಿನ ರಿವರ್ಬ್ ಇಂಪಲ್ಸ್ (ಕೋಣೆಯ ಗುಂಯ್‌ಗುಡಿಕೆ ಹಿಡಿದಿಟ್ಟ ಸಣ್ಣ ಫೈಲ್) ಇದ್ರ ತುಂಬ್ರಿ, ಅಡ್ಡಿಯಿಲ್ಲ.

ಇನ್ನೊಂದು, ಫೈಲಿಗೆ ಕನ್ನಡದಾಗ ಹೆಸರಿಟ್ಟೀರೇನು? ನನ್ನ ಇಂಪಲ್ಸ್ ಹೆಸರು "ದೊಡ್ಡಕೋಣೆ". ಮ್ಯಾಕ್‌ದ ಹಳೇ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ "ಕೋ"ದ ಆ ಒಂದು ಸ್ವರಚಿಹ್ನೆನ ಮೂರು ಯೂನಿಕೋಡ್ ತುಂಡು ಮಾಡಿ ಇಡ್ತೈತಿ. ಕಣ್ಣಿಗೆ ಒಂದ, ಬೈಟ್ ಹೋಲಿಸಿದ್ರ ಬ್ಯಾರೆ, ಲಿನಕ್ಸ್‌ನ್ಯಾಗ ಫೈಲ್ ಇಲ್ಲ ಅಂತೈತಿ! ಎರಡೂ ಹೆಸರು ಎನ್‌ಎಫ್‌ಸಿಗೆ (ತುಂಡುಗಳನ್ನ ಕೂಡಿಸಿ ಬರಿಯೂ ಯೂನಿಕೋಡ್ ರೂಪಕ್ಕ) ತಂದು ಹೋಲಿಸ್ರಿ.

ಧಾರವಾಡದಿಂದ: ತಗೋರಿ, ನನ್ನ ಫೋಲ್ಡರ್ ಹೆಸರ "ಕೋಮಲ ನಿಷಾದ" ಐತಿ. ಇವತ್ತ ರಾತ್ರಿ ಕುಂದರ್ತೀನಿ.